ರಿಲೀವರ್ ಬರುವ ತನಕ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತಿದೆ. ಬರೆಯುವವರು ಹೆಚ್ಚಾಗಿ ಅರವತ್ತೈದು, ಎಪ್ಪತ್ತು ದಾಟಿದ ಹೆಂಗಸರು. ಯಜಮಾನರಿಗೆ ಮರೆವಿನ ಕಾಯಿಲೆ. ಸ್ನಾನ, ಊಟ, ಶೌಚ ಎಲ್ಲಕ್ಕೂ ಜೊತೆಗಿರಬೇಕು, ರಾತ್ರಿ ನಿದ್ದೆಯಿಲ್ಲ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ‘ಒಬ್ಬ ಹೋಂ ನರ್ಸ್ ಇಟ್ಕೊಳಮ್ಮ, ದುಡ್ಡು ನಾವು ಕಳಿಸ್ತೀವಿ’ ಅನ್ನುತ್ತಾರೆ. ಇವರಿಗೆ ಮನಸ್ಸು ಒಪ್ಪುವುದಿಲ್ಲ. ಹಾಸನದ ಕಡೆಯ ಒಬ್ಬರು ಬರೆದಿದ್ದರು: ‘ಮದುವೆಯಾದಾಗಿನಿಂದ ಇವರಿಗೆ ಬಡಿಸಿದವಳು ನಾನು. ಈಗ ಸಂಬಳ ಕೊಟ್ಟು ಬೇರೆಯವರ ಕೈಯಲ್ಲಿ ತುತ್ತು ಹಾಕಿಸಲಾ?’ ಗಂಡಸರ ಪತ್ರಗಳೂ ಇವೆ. ಹೆಂಡತಿಗೆ ಸೀರೆ ಉಡಿಸಲು, ಜಡೆ ಹಾಕಲು ಕಲಿತೆ ಎಂದು ಬರೆದ ಒಬ್ಬರು, ತಮಗೆ ಹರ್ನಿಯಾ ಆಪರೇಷನ್ ಆಗಬೇಕಿದೆ, ಇವಳನ್ನು ಬಿಟ್ಟು ಹೇಗೆ ಹೋಗುವುದೆಂದು ಮುಂದೂಡುತ್ತಲೇ ಇದ್ದೇನೆ ಎಂದು ಕೊನೆಯಲ್ಲಿ ಸೇರಿಸಿದ್ದರು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೊರಗಿನವರ ನೆರವು ತೆಗೆದುಕೊಳ್ಳಿ. ಅದೂ ಕೈಸೋತ ಮೇಲಲ್ಲ, ಇನ್ನೂ ನಿಭಾಯಿಸಬಲ್ಲೆ ಅನ್ನಿಸುವಾಗಲೇ. ಶಿವಮೊಗ್ಗದ ನಮ್ಮ ಮನೆಯಲ್ಲೂ ಇದೇ ಕಾಯಿಲೆ ಇದೆ, ಹಾಗಾಗಿ ಬರೀ ಓದಿ ಹೇಳುವ ಮಾತಲ್ಲ ಇದು.

ಕಾಯಿಲೆಯ ಬಗ್ಗೆ ಎರಡು ಮಾತು. ‘ಅರವತ್ತಕ್ಕೆ ಅರಳು ಮರಳು’ ಎಂದು ನಾವು ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಆದರೆ ವಯಸ್ಸಾದವರೆಲ್ಲರಿಗೂ ಇದು ಬರುವುದಿಲ್ಲ. ನಮ್ಮ ಮನೆಯವರು ಜೀವಮಾನವಿಡೀ ವಿದ್ಯುತ್ ಮಂಡಳಿ ಕೆಇಬಿಯಲ್ಲಿ ದುಡಿದವರು. ಒಂದು ದಿನ ಕರೆಂಟು ಹೋದಾಗ ಫ್ಯೂಸ್ ವೈರ್ ಕೈಯಲ್ಲಿ ಹಿಡಿದು ಮೀಟರ್ ಬೋರ್ಡಿನ ಮುಂದೆ ನಿಂತವರಿಗೆ ಮುಂದೇನು ಮಾಡಬೇಕೆಂದು ತೋಚಲೇ ಇಲ್ಲ. ಹೆಸರು, ತಾರೀಖು ಮರೆಯುವುದಕ್ಕೂ ಕೈಗೆ ಕರಗತವಾದ ಕೆಲಸವೇ ಕೈಬಿಡುವುದಕ್ಕೂ ವ್ಯತ್ಯಾಸವಿದೆ. ಡಿಮೆನ್ಷಿಯಾ ಅನ್ನುವ ಈ ಮರೆವಿನ ಕಾಯಿಲೆ ಒಂದೇ ಬಗೆಯದಲ್ಲ. ಅಲ್ಝೈಮರ್ ಅದರಲ್ಲಿ ಹೆಚ್ಚು ಕಾಣಿಸುವುದು; ಮೆದುಳಿನ ಸಣ್ಣ ಸಣ್ಣ ಸ್ಟ್ರೋಕುಗಳಿಂದ ಬರುವುದು ಇನ್ನೊಂದು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದು ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೂ ಮರೆವನ್ನು ತರುತ್ತವೆ ಮತ್ತು ಇವಕ್ಕೆ ಚಿಕಿತ್ಸೆಯಿದೆ. ಆದ್ದರಿಂದ ಪರೀಕ್ಷೆ ಮಾಡಿಸದೆ ಯಾರೂ ಹಣೆಬರಹ ಎಂದು ಕೂರಬಾರದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ.

ಆ 88 ಲಕ್ಷದ ಪಕ್ಕದಲ್ಲಿ ಅವರನ್ನು ನೋಡಿಕೊಳ್ಳುವ ಇನ್ನೊಂದಷ್ಟು ಲಕ್ಷ ಜನ ಇದ್ದಾರೆ, ಅವರ ಲೆಕ್ಕ ಸಿಗುವುದಿಲ್ಲ. ಅಲ್ಝೈಮರ್ ಕಾಯಿಲೆಯ ಚರಿತ್ರೆ ಶುರುವಾಗುವುದೇ ಒಂದು ದಂಪತಿಯಿಂದ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ರೈಲ್ವೆ ಗುಮಾಸ್ತನೊಬ್ಬ ಐವತ್ತೊಂದು ವರ್ಷದ ತನ್ನ ಹೆಂಡತಿ ಆಗಸ್ಟೆ ಡೆಟರ್‌ಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ. ಅಲ್ಲಿ ಅವಳನ್ನು ನೋಡಿದ ವೈದ್ಯರೇ ಅಲೋಯಿಸ್ ಅಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿ ಅವರು ಕಂಡದ್ದರಿಂದ ಕಾಯಿಲೆಗೆ ಅವರದೇ ಹೆಸರು ಬಂತು. ಆಸ್ಪತ್ರೆಗೆ ಕರೆತರುವ ಮುಂಚೆ ಆ ಗುಮಾಸ್ತ ಹಗಲು ಕಚೇರಿಗೆ ಹೋಗಿ ರಾತ್ರಿ ಹೆಂಡತಿಯನ್ನು ಹೇಗೆ ಕಾದನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಆರೈಕೆ ಮಾಡುವುದು, ಮಕ್ಕಳು ಅಪ್ಪ ಅಮ್ಮನಿಗೆ ಮಾಡುವ ಆರೈಕೆಯಂತಲ್ಲ. 2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾ ನೋಡಿ ನಾವೆಲ್ಲ ಅತ್ತಿದ್ದೇವೆ. ಅನಂತ್ ನಾಗ್ ಅವರ ಆ ಪಾತ್ರ ಅಲ್ಝೈಮರ್ ಎಂಬುದನ್ನು ಕನ್ನಡದ ಮನೆಮನೆಗೆ ಪರಿಚಯ ಮಾಡಿಸಿತು. ಅದು ಅಪ್ಪನನ್ನು ಹುಡುಕುವ ಮಗನ ಕಥೆ. ತಾಯಿ ಆ ಹೊತ್ತಿಗೆ ಇಲ್ಲ. ಇದ್ದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು ಅನ್ನಿಸುತ್ತದೆ. ಯಾಕೆಂದರೆ ಮಗನಿಗೆ ತನ್ನದೇ ಮನೆ, ಬೇರೆ ಕೋಣೆ, ಒಂದು ಕೆಲಸ ಇರುತ್ತದೆ. ಹೆಂಡತಿಗೆ ಅದೇ ಮಂಚ. ಅವಳಿಗೂ ಮಂಡಿನೋವು, ಬಿಪಿ, ಶುಗರ್. ಅಪ್ಪ ಗುರುತಿಸದಿದ್ದರೆ ಮಗನಿಗೆ ನೋವಾಗುತ್ತದೆ. ಜೀವನವಿಡೀ ಜೊತೆಗಿದ್ದವರು ಸಂಜೆ ಹೊತ್ತಿಗೆ ‘ನೀವು ಯಾರಮ್ಮ, ನನ್ನ ಹೆಂಡ್ತಿ ಎಲ್ಲಿ?’ ಎಂದು ಕೇಳಿದರೆ ಹೆಂಡತಿಗೆ ತಾನು ಯಾರು ಎಂಬುದೇ ಕೈಜಾರುತ್ತದೆ. ಮರುಗಳಿಗೆಯಲ್ಲೇ ಅವರ ಪಂಚೆ ಬದಲಿಸಬೇಕು. ಅಳಲು ಹೊತ್ತಿರುವುದಿಲ್ಲ.

ನಮ್ಮಲ್ಲಿ ಕಷ್ಟವಿದ್ದದ್ದು ರಾತ್ರಿ. ಇವರು ಬಹಳ ವರ್ಷ ರಿಸೀವಿಂಗ್ ಸ್ಟೇಷನ್ನಿನಲ್ಲಿ ಶಿಫ್ಟ್ ಡ್ಯೂಟಿ ಮಾಡಿದವರು. ನಿವೃತ್ತರಾಗಿ ಎಷ್ಟೋ ಕಾಲವಾದ ಮೇಲೆ ಕಾಯಿಲೆ ಅವರನ್ನು ಮತ್ತೆ ನೈಟ್ ಶಿಫ್ಟಿಗೆ ಕರೆದೊಯ್ದಿತು. ನಡುರಾತ್ರಿ ಎದ್ದು ಶರ್ಟು ಹಾಕಿಕೊಂಡು ಬಾಗಿಲ ಚಿಲಕ ತೆಗೆಯುತ್ತಿದ್ದರು. ‘ಲೈನ್ ಟ್ರಿಪ್ ಆಗಿದೆ, ಹೋಗ್ಬೇಕು’ ಅನ್ನುವರು. ‘ರೀ, ನೀವು ರಿಟೈರ್ ಆಗಿದ್ದೀರಿ’ ಅಂದರೆ ಸಿಟ್ಟು ನೆತ್ತಿಗೇರುತ್ತಿತ್ತು. ಸ್ಟೇಷನ್ನಿನ ನಿಯಮ ನನಗೂ ಗೊತ್ತು: ರಿಲೀವರ್, ಅಂದರೆ ಮುಂದಿನ ಶಿಫ್ಟಿನವನು, ಬಂದು ಲಾಗ್ ಬುಕ್ಕಿನಲ್ಲಿ ಸಹಿ ಹಾಕುವ ತನಕ ಆಪರೇಟರ್ ಪ್ಯಾನೆಲ್ ಬಿಟ್ಟು ಏಳುವಂತಿಲ್ಲ. ರಿಲೀವರ್ ಬಾರದಿದ್ದರೆ ಡಬಲ್ ಡ್ಯೂಟಿ. ಆದರೆ ಮೂರನೆಯ ಶಿಫ್ಟನ್ನೂ ಅದೇ ಮನುಷ್ಯನಿಂದ ಮಾಡಿಸುವುದು ಅಪಾಯ ಎಂದು ಇವರೇ ಹೇಳುತ್ತಿದ್ದರು. ನಿದ್ದೆಗೆಟ್ಟ ಕೈ ತಪ್ಪು ಸ್ವಿಚ್ಚಿನ ಮೇಲೆ ಹೋಗುತ್ತದೆ. ಪತ್ರ ಬರೆಯುವ ಅಕ್ಕಂದಿರೇ, ನೀವು ಯಾವ ಶಿಫ್ಟಿನಲ್ಲಿದ್ದೀರಿ ಎಂದು ಒಮ್ಮೆ ಲೆಕ್ಕ ಹಾಕಿ. ಯಾವ ಇಲಾಖೆಯೂ ತನ್ನ ನೌಕರನಿಂದ ನಿರೀಕ್ಷಿಸದ ಕೆಲಸವನ್ನು ಎಪ್ಪತ್ತರ ಹೆಂಗಸಿನಿಂದ ನಾವು ನಿರೀಕ್ಷಿಸುತ್ತೇವೆ, ಮೇಲೆ ಅದಕ್ಕೆ ಪುಣ್ಯದ ಹೆಸರು ಕೊಡುತ್ತೇವೆ.

ಇದು ಬರೀ ಸುಸ್ತಿನ ಮಾತಲ್ಲ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರವತ್ತಾರು ದಾಟಿದ ದಂಪತಿಗಳನ್ನು ನಾಲ್ಕು ವರ್ಷ ಗಮನಿಸಿದ್ದರು. ಸಂಗಾತಿಯ ಆರೈಕೆಯ ಒತ್ತಡದಲ್ಲಿದ್ದವರು ಆ ಅವಧಿಯಲ್ಲಿ ಸಾಯುವ ಸಂಭವ, ಅಂಥ ಹೊಣೆಯಿಲ್ಲದವರಿಗಿಂತ ಶೇಕಡಾ 63ರಷ್ಟು ಹೆಚ್ಚಿತ್ತು. ‘ನಾನಿರುವ ತನಕ ನಾನೇ ನೋಡ್ಕೋತೀನಿ’ ಅನ್ನುವ ಮಾತನ್ನು ನಮ್ಮಲ್ಲಿ ಎಷ್ಟು ಪ್ರೀತಿಯಿಂದ ಆಡುತ್ತಾರೆ! ಅದೇ ಪ್ರೀತಿಗೆ, ‘ನಾನಿರುವ ತನಕ’ ಅನ್ನುವುದು ಎಷ್ಟು ಕಾಲ ಎಂಬ ಯೋಚನೆಯೂ ಇರಬೇಕು.

‘ಅವರು ಒಪ್ಪೋದೇ ಇಲ್ಲ, ಹೊಸಬರನ್ನು ಹತ್ತಿರ ಬಿಟ್ಟುಕೊಳ್ಳೋದಿಲ್ಲ’ ಎಂದು ಬಹಳ ಜನ ಬರೆಯುತ್ತಾರೆ. ನಿಜವೇ. ಗುರುತಿಲ್ಲದ ಮನುಷ್ಯ ಮೊದಲ ದಿನವೇ ಬಚ್ಚಲಿಗೆ ಕರೆದೊಯ್ದು ಬಟ್ಟೆ ಬಿಚ್ಚಲು ಹೋದರೆ ನೀವಾಗಲಿ ನಾನಾಗಲಿ ಒಪ್ಪುತ್ತೇವೆಯೇ? ನಮ್ಮ ಮನೆಗೆ ಆರೈಕೆಗೆಂದು ಬಂದ ಹುಡುಗ ಮೊದಲು ಬೆಳಗಿನ ಎರಡು ತಾಸು ಮಾತ್ರ ಬರುತ್ತಿದ್ದ. ಇವರ ಮೈ ಮುಟ್ಟುವ ಕೆಲಸ ಒಂದೂ ಇರಲಿಲ್ಲ. ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡುವಾಗ ಜೊತೆಗೆ ನಿಲ್ಲುವುದು, ಪೇಪರು ಓದಿ ಹೇಳುವುದು, ಕಾಫಿ ಕುಡಿಯುವುದು. ಆಮೇಲೆ ಚಪ್ಪಲಿ ಹಾಕಿಸಿ ರಸ್ತೆಯ ತುದಿಯವರೆಗೆ ವಾಕಿಂಗ್. ಆಮೇಲೆ ಶೇವಿಂಗ್. ಸ್ನಾನಕ್ಕೆ ಬಂದದ್ದು ಎಷ್ಟೋ ದಿನಗಳ ಮೇಲೆ, ಅದೂ ಒಂದು ದಿನ ಇವರೇ ಟವೆಲು ಅವನ ಕೈಗೆ ಕೊಟ್ಟಾಗ. ಅವನ ಹೆಸರು ಇವರಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಗೇಟಿನ ಸದ್ದಾದರೆ ಮುಖ ಅರಳುತ್ತದೆ.

ಇದಕ್ಕೆ ಕಾರಣವಿದೆ. ಘಟನೆ ಮರೆತರೂ ಅದು ಉಳಿಸಿಹೋದ ಭಾವ ಬೇಗ ಅಳಿಯುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಅಲ್ಝೈಮರ್ ಇರುವವರಿಗೆ ದುಃಖದ, ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ನೋಡಿದ್ದೆಲ್ಲ ಮರೆತುಹೋಗಿತ್ತು, ಆದರೆ ಆ ದುಃಖ, ಆ ಸಂತೋಷ ಉಳಿದಿತ್ತು. ಹೊಸಬರೊಂದಿಗೆ ಕಳೆದ ಒಳ್ಳೆಯ ಗಳಿಗೆಗಳು ಹೀಗೆ ಒಳಗೊಳಗೇ ಕೂಡಿಕೊಳ್ಳುತ್ತವೆ. ಬೇಗ ಶುರುಮಾಡಿ ಎಂದು ನಾನು ಹೇಳುವುದು ಇದಕ್ಕೇ. ಕಾಯಿಲೆ ಇನ್ನೂ ನಡುವಿನ ಹಂತದಲ್ಲಿರುವಾಗ ಒಂದು ಮುಖ, ಒಂದು ದನಿ ರೂಢಿಯಾದರೆ ಮುಂದೆ ಅದು ಆಸರೆ. ಆಸ್ಪತ್ರೆಯಿಂದ ಹಾಸಿಗೆ ಹಿಡಿದು ಬಂದ ದಿನ, ತಲೆ ಪೂರ್ತಿ ಗೊಂದಲದಲ್ಲಿರುವಾಗ, ಏಜೆನ್ಸಿಯಿಂದ ಯಾರನ್ನೋ ಕರೆಸಿದರೆ ಇಬ್ಬರಿಗೂ ನರಕ. ಹರ್ನಿಯಾದ ಆ ಹಿರಿಯರಿಗೂ ಇದನ್ನೇ ಬರೆದೆ: ಆಪರೇಷನ್ನಿನ ತಾರೀಖು ಗೊತ್ತುಮಾಡುವ ಮುಂಚೆ ಒಬ್ಬ ಹೆಣ್ಣುಮಗಳು ಮನೆಗೆ ಬರತೊಡಗಲಿ, ನಿಮ್ಮ ಮನೆಯವರ ಜಡೆಯನ್ನು ಆಕೆ ಹೆಣೆಯತೊಡಗಲಿ.

ನಡುರಾತ್ರಿಯ ‘ಡ್ಯೂಟಿ’ಗೂ ಉಪಾಯ ಕಂಡವನು ಆ ಹುಡುಗನೇ. ಮುಂದೆ ಅವನು ರಾತ್ರಿಯೂ ಉಳಿಯತೊಡಗಿದ ಮೇಲೆ, ಇವರು ಹೊರಡಲು ಎದ್ದಾಗ ಅವನು ಹೇಳಿದ್ದು ಒಂದೇ ಮಾತು: ‘ಸಾರ್, ರಿಲೀವರ್ ಬಂದಾಯ್ತು, ಸೈನ್ ಮಾಡಿದ್ದಾರೆ. ನೀವು ಮಲಗಿ.’ ಇವರು ಶರ್ಟಿನ ಗುಂಡಿ ಬಿಚ್ಚಿ ಮಲಗಿದರು. ಅದು ನನಗೆ ಹೊಳೆದಿರಲಿಲ್ಲ, ಯಾಕೆಂದರೆ ನಾನು ಇವರಿಗೆ ನಿಜ ತಿಳಿಸಬೇಕೆಂದು ಹೆಣಗುತ್ತಿದ್ದೆ. ಅವನು ಇವರ ಚಿಂತೆ ಇಳಿಸಬೇಕೆಂದು ನೋಡುತ್ತಿದ್ದ. ಹೊರಗಿನವರ ಕಣ್ಣಿಗೆ ಅಂಥ ಒಂದು ಅನುಕೂಲವಿದೆ. ಇವರು ಮೊದಲು ಹೇಗಿದ್ದರು ಎಂಬ ಹೋಲಿಕೆ ಅವರಿಗೆ ಇರುವುದಿಲ್ಲ, ಈಗ ಹೇಗಿದ್ದಾರೋ ಅದೇ ಅವರಿಗೆ ಇವರು.

‘ಹೊರಗಿನವರು ಬಂದರೆ ನಮ್ಮ ಬಾಂಧವ್ಯ ಕಡಿಮೆಯಾಗುತ್ತೆ’ ಎಂಬ ಭಯಕ್ಕೆ ನನ್ನ ಅನುಭವ ಉಲ್ಟಾ ಹೇಳುತ್ತದೆ. ಸ್ನಾನ, ಡೈಪರ್, ಬಟ್ಟೆ ಇವುಗಳ ಜಗಳ ನನ್ನ ಕೈಬಿಟ್ಟ ಮೇಲೆ ಇವರು ನನ್ನನ್ನು ಕಂಡರೆ ಗದರುವುದು ನಿಂತಿತು. ಈಗ ಹತ್ತು ಗಂಟೆಗೆ ಇಬ್ಬರೂ ಜಗುಲಿಯಲ್ಲಿ ಕೂತು ರೇಡಿಯೋ ಕೇಳುತ್ತೇವೆ. ಹಳೆಯ ಹಾಡು ಬಂದರೆ ಇವರ ಬೆರಳು ತಾಳ ಹಾಕುತ್ತದೆ. ನಾನು ಇವರ ಕೈ ಹಿಡಿದುಕೊಂಡಿರುತ್ತೇನೆ, ಎಲ್ಲಿಗೋ ಎಳೆದೊಯ್ಯುವುದಕ್ಕಲ್ಲ, ಸುಮ್ಮನೆ.

ನ್ಯೂಯಾರ್ಕಿನಲ್ಲಿ ನಡೆದ ಒಂದು ದೀರ್ಘ ಅಧ್ಯಯನ ಇದಕ್ಕೆ ಸರಿಹೊಂದುತ್ತದೆ. ಸಂಗಾತಿಯ ಆರೈಕೆ ಮಾಡುತ್ತಿದ್ದ 406 ಜನರಲ್ಲಿ ಅರ್ಧದಷ್ಟು ಮಂದಿಗೆ ಆಪ್ತಸಲಹೆ, ಕುಟುಂಬದವರೊಡನೆ ಮಾತುಕತೆ, ಬೇಕೆಂದಾಗ ಫೋನಿನಲ್ಲಿ ಸಿಗುವ ನೆರವು ಎಲ್ಲವೂ ಸಿಗುವಂತೆ ಮಾಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೆರವು ಪಡೆದವರ ಸಂಗಾತಿಗಳು ಆರೈಕೆ ಕೇಂದ್ರಕ್ಕೆ ಸೇರುವುದು ಸರಾಸರಿ 557 ದಿನ ಮುಂದಕ್ಕೆ ಹೋಯಿತು. ಅಂದರೆ ಒಂದೂವರೆ ವರ್ಷ ಹೆಚ್ಚು ಕಾಲ ಅವರು ತಮ್ಮ ಮನೆಯಲ್ಲೇ ಇದ್ದರು. ಅಮೆರಿಕದ ಮಾತು ನಮಗೇಕೆ ಅನ್ನುವವರು ಪಕ್ಕದ ಗೋವಾವನ್ನು ನೋಡಬಹುದು. ಅಲ್ಲಿ 81 ಕುಟುಂಬಗಳ ಮೇಲೆ ನಡೆದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ದೊಡ್ಡ ಡಾಕ್ಟರುಗಳಲ್ಲ, ತರಬೇತಿ ಪಡೆದ ಊರಿನವರೇ ಮನೆಗೆ ಹೋಗಿ ಕೂತು, ಕೇಳಿ, ದಾರಿ ತೋರಿಸುತ್ತಿದ್ದರು. ಅಷ್ಟಕ್ಕೇ ಆರೈಕೆ ಮಾಡುವವರ ಮನಸ್ಸಿನ ಸಂಕಟ ಕಡಿಮೆಯಾಯಿತು. ನಮ್ಮ ತಾಲ್ಲೂಕುಗಳಲ್ಲಿ ಇದು ಯಾಕೆ ಆಗಬಾರದು ಎಂದು ನಾನು ಸಿಕ್ಕವರನ್ನೆಲ್ಲ ಕೇಳುತ್ತಿರುತ್ತೇನೆ. ಮನೆಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆಯರು ನಮ್ಮಲ್ಲಿದ್ದಾರೆ. ಅವರಿಗೆ ಇದರ ತರಬೇತಿ ಕೊಟ್ಟು, ಅದಕ್ಕೆ ತಕ್ಕ ಗೌರವಧನವನ್ನೂ ಕೊಟ್ಟರೆ ಎಷ್ಟು ಮನೆಗಳು ಉಸಿರಾಡುತ್ತವೆ!

ಹಣದ ವಿಷಯವನ್ನು ಹಾರಿಸಿ ಹೋಗಲಾರೆ. ಇಪ್ಪತ್ನಾಲ್ಕು ತಾಸಿನ ಹೋಂ ನರ್ಸಿನ ಖರ್ಚು ಬಹಳ ಮನೆಗಳಿಗೆ ಕೈಗೆಟುಕದ್ದು. ಆದರೆ ನೆರವೆಂದರೆ ಅದೊಂದೇ ಅಲ್ಲ. ಬೆಳಗಿನ ಸ್ನಾನಕ್ಕೆ ಮಾತ್ರ ಒಬ್ಬರು, ವಾರಕ್ಕೆ ಎರಡು ಮಧ್ಯಾಹ್ನ ಬಂದು ಕೂರುವ ನಾದಿನಿ, ಸಂಜೆ ವಾಕಿಂಗಿಗೆ ಕರೆದೊಯ್ಯುವ ಪಕ್ಕದ ಮನೆಯ ಹುಡುಗ, ಇವೂ ನೆರವೇ. ‘ಏನಾದ್ರೂ ಬೇಕಿದ್ರೆ ಹೇಳಿ’ ಎಂದು ಬಂದವರೆಲ್ಲ ಹೇಳುತ್ತಾರೆ, ಅವರಿಗೆ ಹೇಳಿಬಿಡಿ. ‘ಗುರುವಾರ ಮೂರರಿಂದ ಐದು ಇವರ ಜೊತೆ ಕೂರ್ತೀರಾ?’ ಎಂದು ದಿನ, ಹೊತ್ತು ಹೆಸರಿಸಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ದೂರದ ಮಕ್ಕಳಿಗೂ ಒಂದು ಮಾತು: ದುಡ್ಡು ಕಳಿಸುವುದು ಒಳ್ಳೆಯದೇ, ಜೊತೆಗೆ ವರ್ಷಕ್ಕೊಮ್ಮೆ ಬಂದು ಅಮ್ಮನನ್ನು ಊರಿಗೆ ಕಳಿಸಿ ಅಪ್ಪನ ಪೂರ್ತಿ ಹೊಣೆ ಹೊತ್ತು ನೋಡಿ. ಆಮೇಲೆ ಫೋನಿನಲ್ಲಿ ಕೊಡುವ ಸಲಹೆಯ ದನಿಯೇ ಬೇರೆಯಾಗುತ್ತದೆ.

ಕಳ್ಳತನ, ಹೊಡೆತ, ಬೈಗುಳ, ಈ ಭಯ ಸುಳ್ಳಲ್ಲ. ಗುರುತಿನ ಚೀಟಿ, ಪೊಲೀಸ್ ವೆರಿಫಿಕೇಷನ್, ಹಿಂದೆ ಕೆಲಸ ಮಾಡಿದ ಮನೆಯವರೊಡನೆ ಮಾತು, ಇಷ್ಟು ಆಗಲೇಬೇಕು. ಒಡವೆ ಲಾಕರಿಗೆ ಹೋಗಲಿ. ಮೈಮೇಲೆ ಕಾರಣವಿಲ್ಲದ ಕಲೆ ಇದೆಯೇ, ಬಂದವರನ್ನು ಕಂಡಾಗ ಇವರು ಮುದುಡುತ್ತಾರೆಯೇ ನೋಡುತ್ತಿರಿ. ಮಾತು ಹೋದರೂ ಮೈ ಹೇಳುತ್ತದೆ. ಇನ್ನೊಂದು ಬದಿಯೂ ಇದೆ. ಹೋಂ ನರ್ಸಿಗೂ ಊಟ, ಮಲಗಲು ಜಾಗ, ವಾರದ ರಜೆ, ಗೌರವ ಬೇಕು. ಅವರಿಗೆ ನಿದ್ದೆಯಿಲ್ಲದಿದ್ದರೆ ನಮ್ಮವರ ಮೇಲೆ ಅವರು ಸಹನೆ ತೋರುವುದು ಎಲ್ಲಿಂದ? ಬಂದವರಿಗೆ ಕೆಲಸದ ಪಟ್ಟಿಗಿಂತ ಮೊದಲು ಮನುಷ್ಯನನ್ನು ಪರಿಚಯ ಮಾಡಿಸಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ: ಇವರನ್ನು ‘ತಾತ’ ಅನ್ನಬೇಡಿ, ‘ಸಾರ್’ ಅನ್ನಿ. ಬಿಸಿನೀರು ಮೊದಲು ಕಾಲಿಗೆ, ತಲೆಗೆ ಕೊನೆಗೆ. ಅನ್ನಕ್ಕೆ ಮಜ್ಜಿಗೆಯಿಲ್ಲದೆ ಏಳುವುದಿಲ್ಲ. ಸಂಜೆ ‘ಮನೆಗೆ ಹೋಗೋಣ’ ಎಂದರೆ ಇದೇ ಮನೆ ಎಂದು ವಾದಿಸಬೇಡಿ, ಒಂದು ಸುತ್ತು ನಡೆಸಿಕೊಂಡು ಬನ್ನಿ. ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಗೊಂದಲ ಹೆಚ್ಚಾದರೆ ಕಾಯಿಲೆ ಬೆಳೆಯಿತು ಎಂದುಕೊಳ್ಳಬೇಡಿ. ಮೂತ್ರದ ಸೋಂಕೋ ಮಲಬದ್ಧತೆಯೋ ಇರಬಹುದು, ಡಾಕ್ಟರಿಗೆ ಹೇಳಿ.

ಎಲ್ಲಿ ಕೇಳುವುದು ಎಂಬವರಿಗೆ ಕೆಲವು ಬಾಗಿಲುಗಳು. ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಅದರ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರುಮಾಡಿ, ಜಯನಗರದ ಜನರಲ್ ಆಸ್ಪತ್ರೆ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಮೊದಲು ಕ್ಲಿನಿಕ್ ತೆರೆಯಿತು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಇದೆಯೇ ಎಂದು ವಿಚಾರಿಸಿ. ಡಿಮೆನ್ಷಿಯಾ ಇರುವವರಿಗಾಗಿ 1992ರಲ್ಲಿ ಕೇರಳದಲ್ಲಿ ಹುಟ್ಟಿದ ಎಆರ್‌ಡಿಎಸ್‌ಐ ಸಂಸ್ಥೆಯ ಶಾಖೆ ಬೆಂಗಳೂರಿನಲ್ಲಿದೆ. ಅಲ್ಲಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟಿನ ಡಿಮೆನ್ಷಿಯಾ ಆರೈಕೆ ಕೇಂದ್ರವಿದೆ. ನಡುರಾತ್ರಿ ನಿಮಗೇ ತಡೆಯಲಾಗದಿದ್ದರೆ ಮಾನಸಿಕ ನೆರವಿನ ಸಹಾಯವಾಣಿ 14416 ಟೆಲಿ ಮಾನಸ್‌ಗೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ. ರೋಗಿಗೆ ಮಾತ್ರವಲ್ಲ, ಅದು ನಿಮಗೂ ಇದೆ. ಹಿರಿಯರ ಇತರ ತೊಂದರೆಗಳಿಗೆ 14567. ಇಷ್ಟಾದರೂ ಬೆಂಗಳೂರು ದಾಟಿದರೆ ಹಗಲು ಹೊತ್ತು ಇಂಥವರನ್ನು ನೋಡಿಕೊಳ್ಳುವ ಡೇ ಕೇರ್ ಸಿಗುವುದು ಕಷ್ಟ. ಮಕ್ಕಳಿಗೆ ಊರೂರಲ್ಲಿ ಅಂಗನವಾಡಿ ಕಟ್ಟಿದ ಸರ್ಕಾರಕ್ಕೆ ಹಿರಿಯರಿಗೊಂದು ಹಗಲಿನ ಮನೆ ಅಸಾಧ್ಯವೇನಲ್ಲ.

ಕಾಗದಪತ್ರದ ಮಾತು ಚಿಕ್ಕದು, ಆದರೆ ತಡಮಾಡಬೇಡಿ. ಗಂಡ ಬರೆದುಕೊಟ್ಟ ಪವರ್ ಆಫ್ ಅಟಾರ್ನಿ ಇದೆಯಲ್ಲ ಎಂದು ಬಹಳ ಜನ ನೆಮ್ಮದಿಯಿಂದಿರುತ್ತಾರೆ. ನಮ್ಮ ಕರಾರು ಕಾಯಿದೆಯ 201ನೇ ಕಲಮಿನಂತೆ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಆದ್ದರಿಂದ ತಿಳಿವಳಿಕೆ ಇರುವಾಗಲೇ ಬ್ಯಾಂಕ್ ಖಾತೆ ಜಂಟಿ ಮಾಡಿಸುವುದು, ನಾಮಿನಿ ಬರೆಸುವುದು, ವಿಲ್ ಮಾಡುವುದು ಮುಗಿಯಲಿ. ಒಬ್ಬ ವಕೀಲರನ್ನು ಕೇಳಿ.

ಕೊನೆಯದಾಗಿ, ಪತ್ರಗಳಲ್ಲಿ ಯಾರೂ ಕೇಳದ ಒಂದು ಪ್ರಶ್ನೆ. ಇವರಿಗಿಂತ ಮೊದಲು ನನಗೇ ಏನಾದರೂ ಆದರೆ? ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಯಾರಿಗೆ ಮೊದಲು ಫೋನು, ಮಾತ್ರೆಗಳು ಯಾವುವು, ಆರೈಕೆಗೆಂದು ಎತ್ತಿಟ್ಟ ಹಣ ಯಾವ ಖಾತೆಯಲ್ಲಿ, ಮನೆಯಲ್ಲಿ ಸಾಧ್ಯವೇ ಇಲ್ಲವೆಂದಾದರೆ ಯಾವ ಕೇಂದ್ರ ಎಂದು ಮಕ್ಕಳೊಡನೆ ಕೂತು ಬರೆದಿದ್ದೇನೆ. ಸಾಗರದಲ್ಲಿರುವ ಮೈದುನ ತಾನು ಬರುತ್ತೇನೆಂದು ಒಪ್ಪಿದ್ದಾನೆ. ಮೊನ್ನೆ ಬಂದು ಕೆಲವು ದಿನ ಉಳಿದು, ಹುಡುಗನ ಜೊತೆಗೆ ಅಣ್ಣನ ಸ್ನಾನ, ಊಟ, ರಾತ್ರಿ ಎಲ್ಲವನ್ನೂ ಕಲಿತು ಹೋದ. ‘ಅತ್ತಿಗೆ, ಮುಂದಿನ ಸಲ ನಾನು ಬಂದಾಗ ನೀವು ಮನೇಲಿರಬಾರದು’ ಎಂದು ಹೊರಡುವಾಗ ಹೇಳಿದ. ಬೆಂಗಳೂರಿನ ಮಗಳ ಮನೆಗೆ ಹೋಗಿಬರಲು ಜನಶತಾಬ್ದಿಗೆ ಟಿಕೆಟ್ ಮಾಡಿಸಿದ್ದೇನೆ.